ಹಳದಿ ಪಟ್ಟಿ ಬಿಚ್ಚಿದ ಬಂದೂಕು

ಆ ಬೆಳಿಗ್ಗೆ ಆಯುಧಾಗಾರದ ಮುಂದಿನ ಜಗಲಿಯ ಮೇಲೆ ನಾವು ನಾಲ್ಕು ಜನ ಇದ್ದೆವು. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು, ಸೆಕೆಯಲ್ಲೂ ಟೈ ಬಿಗಿದುಕೊಂಡು ಬಂದಿದ್ದ ಕಂಪನಿಯ ಪ್ರತಿನಿಧಿ, ಕಾನ್‌ಸ್ಟೆಬಲ್ ಮಂಜುನಾಥ, ಮತ್ತು ನಾನು. ನನ್ನ ನಿವೃತ್ತಿಗೆ ಎಂಟು ತಿಂಗಳು ಬಾಕಿ ಇತ್ತು. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಪೊಲೀಸ್ ಘಟಕದಲ್ಲಿ ನಾನು ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಬಂದೂಕುಗಳ ಬಾಣಂತನ ಮಾಡುವವನು ಎಂದಿಟ್ಟುಕೊಳ್ಳಿ. ಒರೆಸುವುದು, ಎಣ್ಣೆ ಹಾಕುವುದು, ಮುರಿದದ್ದನ್ನು ಸರಿಮಾಡುವುದು, ಯಾವ ನಂಬರಿನದು ಯಾರ ಕೈಗೆ ಹೋಯಿತು, ಹೋದ ಹಾಗೆಯೇ ವಾಪಸು ಬಂತೇ ಎಂದು ನೋಡಿಕೊಳ್ಳುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದೆ. ಈ ಇಪ್ಪತ್ತಾರು ವರ್ಷಗಳಲ್ಲಿ ಒಂದೇ ಒಂದು ದಿನವನ್ನು ನೆನೆದರೆ ನನಗೆ ಈಗಲೂ ಕೋಪ ಬರುತ್ತದೆ. ಅದನ್ನು ಬರೆಯುತ್ತಿದ್ದೇನೆ.

ಪ್ರತಿನಿಧಿ ಮೇಜಿನ ಮೇಲೆ ಒಂದು ತೋಟಾ ಇಟ್ಟ. ನೋಡಲು ನಮ್ಮ ಪಂಪ್ ಆ್ಯಕ್ಷನ್ ಬಂದೂಕಿನ, ಅಂದರೆ ಮುಂದಿನ ಹಿಡಿಕೆಯನ್ನು ಹಿಂದಕ್ಕೆಳೆದು ತೋಟಾ ಏರಿಸುವ ಬಂದೂಕಿನ, ಮಾಮೂಲಿ ತೋಟಾದಷ್ಟೇ ದಪ್ಪ. ಅದರೊಳಗೆ ಗುಂಡುಗಳ ಬದಲು ಒಂದು ಪುಟ್ಟ ವಿದ್ಯುತ್ ಯಂತ್ರ. ಹಾರಿಸಿದರೆ ಅದರ ಮೂತಿಯಲ್ಲಿರುವ ಕೊಕ್ಕೆಸೂಜಿಗಳು ಎದುರಿನವನ ಬಟ್ಟೆಗೆ, ಚರ್ಮಕ್ಕೆ ಕಚ್ಚಿಕೊಳ್ಳುತ್ತವೆ. ಒಳಗಿನ ಬ್ಯಾಟರಿ ಕೆಲವು ಸೆಕೆಂಡು ಮೈಗೆ ವಿದ್ಯುತ್ತಿನ ಮಿಡಿತ ಹರಿಸುತ್ತದೆ. ಸ್ನಾಯುಗಳು ಸೆಟೆದುಕೊಂಡು ಮನುಷ್ಯ ನಿಂತಲ್ಲೇ ಮರದ ಕೊರಡಿನಂತೆ ಬೀಳುತ್ತಾನೆ. ತಂತಿ ಇಲ್ಲ, ದೂರದಿಂದಲೇ ಹಾರಿಸಬಹುದು.

"ಹಂಡ್ರೆಡ್ ಪರ್ಸೆಂಟ್ ಸೇಫ್ ಸಾರ್. ಸೊಳ್ಳೆ ಬ್ಯಾಟ್‌ನ ದೊಡ್ಡಣ್ಣ ಅನ್ಕೊಳಿ," ಎಂದ ಪ್ರತಿನಿಧಿ.

ಅವನೇ ಕೊಟ್ಟಿದ್ದ ಕೈಪಿಡಿ ನನ್ನ ಕೈಯಲ್ಲಿತ್ತು. "ಹಾಗಾದ್ರೆ ಎಂಟು ಪುಟ ಎಚ್ಚರಿಕೆ ಯಾಕ್ ಬರ್ದಿದೀರಿ ಸ್ವಾಮಿ? ಎತ್ತರದಲ್ಲಿ ನಿಂತಿರೋನಿಗೆ ಹೊಡೀಬೇಡಿ, ನೀರಿನ ಹತ್ರ ಹೊಡೀಬೇಡಿ, ಮುಖಕ್ಕೆ, ಎದೆಗೆ ಗುರಿ ಇಡಬೇಡಿ, ತೀರಾ ಹತ್ತಿರದಿಂದ ಹಾರಿಸ್ಬೇಡಿ…"

"ಅದೆಲ್ಲ ಲೀಗಲ್‌ನವ್ರು ಬರೀತಾರೆ ಸಾರ್."

ಇನ್‌ಸ್ಪೆಕ್ಟರ್ ನಕ್ಕರು. "ನಮ್ಮ ನಂಜುಂಡಯ್ಯನೋರು ಕಡ್ಲೇಪುರಿ ಕೊಟ್ರೂ ಮೊದ್ಲು ಪೊಟ್ಟಣ ಓದ್ತಾರೆ, ಆಮೇಲೆ ತಿಂತಾರೆ ಕಣ್ರೀ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಂದು ಮಾತು ಮಾತ್ರ ಹಟ ಹಿಡಿದು ಒಪ್ಪಿಸಿದೆ. ಪ್ರಯೋಗಕ್ಕೆಂದು ಒಂದೇ ಬಂದೂಕು, ನಂಬರ್ ಏಳು. ಅದರ ಹಿಡಿಗೂ ಮುಂಗೈ ಹಿಡಿಕೆಗೂ ಅಗಲವಾದ ಹಳದಿ ಟೇಪು. ಬಂದೂಕು ನಿಲ್ಲಿಸುವ ಸಾಲಿನಲ್ಲಿ ಬಾಗಿಲಿಗೆ ಹತ್ತಿರದ ಕೊನೆಯ ಗೂಡು ಅದರದ್ದೇ. ನಿಜವಾದ ತೋಟಾ ಅದರ ಬಳಿಗೂ ಸುಳಿಯಬಾರದು. ಎರಡು ಬಗೆಯ ತೋಟಾಗಳೂ ಒಂದೇ ಬಗೆಯ ಬಂದೂಕಿಗೆ ಹೊಂದುವಾಗ, ಸಾಯಿಸುವುದಕ್ಕೂ ಬೀಳಿಸುವುದಕ್ಕೂ ಮಧ್ಯೆ ಇರುವ ಗೋಡೆ ಆ ಟೇಪು ಒಂದೇ.

ಈ ಬುದ್ಧಿ ನನಗೆ ಇಲಾಖೆ ಕಲಿಸಿದ್ದಲ್ಲ. ನಮ್ಮ ತಾತ ಬಿನ್ನಿಪೇಟೆಯ ಗಿರಣಿಯಲ್ಲಿ ಮಗ್ಗದ ಫಿಟ್ಟರ್ ಆಗಿದ್ದರು. ಮಗ್ಗದೊಳಗೆ ಕೈ ಹಾಕುವ ಮೊದಲು ಸ್ವಿಚ್ಚಿಗೆ ತಮ್ಮ ಕೆಂಪು ವಸ್ತ್ರ ಕಟ್ಟುತ್ತಿದ್ದರಂತೆ. ಕಟ್ಟಿದ್ದು ಕಂಡರೆ ಮೇಸ್ತ್ರಿ ಬರಲಿ, ಮ್ಯಾನೇಜರ್ ಬರಲಿ, ಯಾರೂ ಸ್ವಿಚ್ ಮುಟ್ಟುವಂತಿಲ್ಲ. "ಕಟ್ಟಿದೋನೇ ಬಿಚ್ಚಬೇಕು ಕಣೋ ಮಗ. ಬೇರೆಯೋನು ಬಿಚ್ಚಿದ್ರೆ ನನ್ನ ಹತ್ತು ಬೆರಳೂ ಮಗ್ಗದ ಪಾಲು," ಎಂದು ಬೆರಳು ಎಣಿಸಿ ತೋರಿಸುತ್ತಿದ್ದರು. ಹತ್ತೂ ಇದ್ದವು.

ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಮಂಜುನಾಥ ಮೈದಾನದಲ್ಲಿ ಗೋಣಿಚೀಲಕ್ಕೆ ಒಂದೆರಡು ಸುತ್ತು ಹಾರಿಸಿ ಅಭ್ಯಾಸ ಮಾಡಿದ. ಅಷ್ಟರಲ್ಲಿ ಆಯುಧಪೂಜೆ ಬಂತು.

ಪೊಲೀಸರ ಆಯುಧಪೂಜೆಯನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ವರ್ಷವೆಲ್ಲ ಕತ್ತಲೆ ಕೋಣೆಯಲ್ಲಿ ನಿಂತಿರುವ ಬಂದೂಕುಗಳು ಅಂದು ಜಮಖಾನದ ಮೇಲೆ ಸಾಲಾಗಿ ಮಲಗುತ್ತವೆ. ಎಣ್ಣೆ ಉಜ್ಜಿ ಉಜ್ಜಿ ಮರದ ಹಿಡಿಯಲ್ಲಿ ಮುಖ ಕಾಣಬೇಕು. ಮೇಲೆ ವಿಭೂತಿ, ಕುಂಕುಮ, ಚೆಂಡುಹೂವು. ಮೇಲಧಿಕಾರಿಗಳು ಬಂದು ಮಂಗಳಾರತಿ ತೆಗೆದುಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ. ಇಟ್ಟ ಮೇಲೆ ಮರುದಿನ ವಿಜಯದಶಮಿಯ ಪೂಜೆಯವರೆಗೆ ಅವನ್ನು ಮುಟ್ಟುವಂತಿಲ್ಲ. ಕಾವಲಿನವನ ಬಂದೂಕಿಗೆ ಮಾತ್ರ ವಿನಾಯಿತಿ.

ಆ ದಿನ ಮನೆಯ ಪೂಜೆ ಮುಗಿಸಿ ಬಸವೇಶ್ವರನಗರದಿಂದ ನಾನು ಬರುವಷ್ಟರಲ್ಲಿ ಬಂದೂಕುಗಳನ್ನು ಜೋಡಿಸಿ ಆಗಿತ್ತು. ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ಒಂದರಲ್ಲೂ ಹಳದಿ ಇಲ್ಲ.

"ಮಂಜು, ಟೇಪ್ ಎಲ್ಲೋ?"

ಅವನು ತಲೆ ಕೆರೆದುಕೊಂಡ. "ಸಾಹೇಬ್ರು ತೆಗಿ ಅಂದ್ರು ಸಾರ್. 'ಒಂದಕ್ಕೆ ಮಾತ್ರ ಬ್ಯಾಂಡೇಜ್ ಸುತ್ತಿದ ಹಂಗಿದೆ, ಫೋಟೋದಲ್ಲಿ ಅಸಹ್ಯ ಕಾಣತ್ತೆ' ಅಂದ್ರು. ಸೀಮೆಎಣ್ಣೆ ಹಾಕಿ ಗಮ್ ಕೂಡ ಬಿಡಿಸ್ಬಿಟ್ಟೆ."

ಆಗಲೇ ಕೂತು ಮತ್ತೆ ಸುತ್ತಬೇಕಿತ್ತು. ಟೇಪಿನ ಉರುಳೆ ನನ್ನ ಡ್ರಾಯರಿನಲ್ಲೇ ಇತ್ತು. ಆದರೆ ಏಳನೇ ನಂಬರಿನ ಮೇಲೆ ಆಗಲೇ ವಿಭೂತಿ ಬಿದ್ದಿತ್ತು, ಹೂವು ಏರಿತ್ತು. ಪೂಜೆಗಿಟ್ಟದ್ದನ್ನು ಎತ್ತಬಾರದು, ನಾಳೆ ಪೂಜೆ ಆದ ಕೂಡಲೇ ಸುತ್ತಿದರಾಯಿತು ಎಂದುಕೊಂಡೆ. ಇನ್‌ಸ್ಪೆಕ್ಟರ್ ಮೇಲೆ ನನಗಿರುವ ಸಿಟ್ಟಿನ ಒಂದು ಪಾಲು ನನ್ನ ಮೇಲೂ ಇದೆ, ಅದು ಈ ಒಂದು 'ನಾಳೆ'ಗಾಗಿ.

ಸಂಜೆ ಕಾವಲಿನವನು ಸಾಲಿನಿಂದ ನಾಲ್ಕನೇ ನಂಬರ್ ಬಂದೂಕು ತೆಗೆದುಕೊಂಡು, ನಿಯಮದಂತೆ ನಾಲ್ಕು ನಿಜವಾದ ತೋಟಾ ತುಂಬಿಕೊಂಡು ನಿಂತ. ಬೆಳಿಗ್ಗೆ ಪಾಳಿ ಬದಲಾಗುವಾಗ ಅವನ್ನು ಹೊರತೆಗೆದು, ಎಣಿಸಿ, ಖಾಲಿ ಬಂದೂಕನ್ನು ತೋರಿಸಿ ಕೊಡಬೇಕು. ಹಬ್ಬದ ಬೆಳಗು. ಎಣಿಕೆಯ ಬದಲು ಪ್ರಸಾದದ ಪೊಟ್ಟಣ ಕೈಬದಲಾಯಿತು. ತುಂಬಿದ್ದ ಬಂದೂಕು ಹಾಗೆಯೇ ಒಂದು ಗೂಡಿಗೆ ಹೋಯಿತು. ಅಂದು ಗೂಡುಗಳೆಲ್ಲ ಖಾಲಿ, ಬಾಗಿಲಿಗೆ ಹತ್ತಿರದ್ದು ಯಾವುದು? ಸಾಲಿನ ಕೊನೆಯದು, ಏಳನೇ ನಂಬರಿನದು.

ವಿಜಯದಶಮಿಯ ದಿನ ಹತ್ತು ಗಂಟೆಗೆ ನಾನು ಹೋದಾಗ ಆ ಗೂಡು ಬರಿದಾಗಿತ್ತು. ರಿಜಿಸ್ಟರಿನಲ್ಲಿ ಮಂಜುನಾಥನ ದುಂಡನೆಯ ಅಕ್ಷರ: 'ಟ್ರಯಲ್ ಗನ್, ಟ್ರಯಲ್ ತೋಟಾ ಎರಡು, ಹೆಗ್ಗನಹಳ್ಳಿ.' ಹೆಗ್ಗನಹಳ್ಳಿಯಲ್ಲಿ ಯಾರೋ ಮಚ್ಚು ಹಿಡಿದು ತಾರಸಿ ಏರಿದ್ದಾನೆ, ಸಾಹೇಬರು ಹೊಸ ಬಂದೂಕು ತಗೊಂಡು ಹೊರಟರು ಎಂದು ಕಾವಲಿನವನು ಹೇಳಿದ. ಸರಿ, ವಾಪಸು ಬಂದಮೇಲೆ ಟೇಪು ಸುತ್ತಿದರಾಯಿತು ಎಂದುಕೊಂಡು ಜಮಖಾನದ ಕಡೆ ತಿರುಗಿದೆ. ನಿಂತುಬಿಟ್ಟೆ. ಚೆಂಡುಹೂವಿನ ಕೆಳಗೆ ಏಳನೇ ನಂಬರ್ ತಣ್ಣಗೆ ಮಲಗಿತ್ತು.

ಹಾಗಾದರೆ ಹೋದದ್ದು? ಸಾಲಿನಲ್ಲಿ ನಾಲ್ಕನೇ ನಂಬರ್ ಇರಲಿಲ್ಲ, ಅದರ ತೋಟಾ ವಾಪಸು ಬಂದ ಎಣಿಕೆಯೂ ರಿಜಿಸ್ಟರಿನಲ್ಲಿ ಇರಲಿಲ್ಲ.

ಇಲ್ಲಿ ಒಂದು ಸಣ್ಣ ವಿವರಣೆ ಬೇಕು. ಈ ಬಂದೂಕಿನ ಕೆಳಗಿನ ಕೊಳವೆಯಲ್ಲಿ ಐದು ತೋಟಾ ಹಿಡಿಯುತ್ತವೆ. ಕೊನೆಗೆ ತಳ್ಳಿದ್ದು ಮೊದಲು ಹಾರುತ್ತದೆ. ಒಳಗೆ ಆಗಲೇ ನಾಲ್ಕು ನಿಜವಾದ ತೋಟಾ ಇವೆ. ಮಂಜುನಾಥ ಅದರ ಮೇಲೆ ವಿದ್ಯುತ್ ತೋಟಾ ಒಂದನ್ನು ತಳ್ಳಿರುತ್ತಾನೆ. ಅಂದರೆ ಮೊದಲ ಏಟು ಅವರು ಅಂದುಕೊಂಡದ್ದೇ. ಎರಡನೆಯ ಏಟಿಗೆ ಮನುಷ್ಯ ಉಳಿಯುವುದಿಲ್ಲ. ಟೇಪು ಇಲ್ಲದ್ದು ಮಂಜುನಾಥನಿಗೆ ವಿಚಿತ್ರ ಅನ್ನಿಸುವ ಹಾಗೂ ಇಲ್ಲ, ಬಿಚ್ಚಿದವನೇ ಅವನು.

ಮಂಜುನಾಥನಿಗೆ ಫೋನು ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಇನ್‌ಸ್ಪೆಕ್ಟರ್ ಎತ್ತಿದರು. "ಸಾರ್, ಆ ಬಂದೂಕು…" ಅನ್ನುವಷ್ಟರಲ್ಲೇ, "ಏನ್ರೀ ನಂಜುಂಡಯ್ಯ, ಆಪರೇಷನ್ ಮಧ್ಯೆ ನಿಮ್ದೊಂದು! ಇಡ್ರಿ ಫೋನು," ಎಂದು ಕತ್ತರಿಸಿದರು. ಮತ್ತೆ ಮಾಡಿದರೆ ಸ್ವಿಚ್ ಆಫ್. ಸ್ಕೂಟರ್ ಹತ್ತಿದೆ. ಮಾಗಡಿ ರಸ್ತೆಯಲ್ಲಿ ಪ್ರತಿ ಅಂಗಡಿಯ ಮುಂದೆಯೂ ಬೂದುಗುಂಬಳ ಒಡೆದು ಬಿದ್ದಿತ್ತು, ಜಾರುತ್ತಾ ಹೋದೆ. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಹಾಗೆ ಗಾಡಿ ಓಡಿಸಿದ್ದು ನಾನೇ ಎಂದು ಈಗ ನಂಬಿಕೆ ಬರುವುದಿಲ್ಲ.

ಹೆಗ್ಗನಹಳ್ಳಿಯ ಆ ಓಣಿಯಲ್ಲಿ ಜಾತ್ರೆಯಷ್ಟು ಜನ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ಮುಖವೂ ಮೇಲೆ. ಎರಡು ಅಂತಸ್ತಿನ ಮನೆಯ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಮೂವತ್ತೈದರ ಒಬ್ಬ ಮನುಷ್ಯ, ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು. ಹೆಸರು ಲೋಕೇಶ. ಟ್ಯಾಂಕು ತುಂಬಿ ಹರಿದು ಅವನ ಕಾಲಡಿಯೆಲ್ಲ ನೀರು. ಪಕ್ಕದ ಮನೆಯ ತಾರಸಿಯಲ್ಲಿ ಇನ್‌ಸ್ಪೆಕ್ಟರ್ ಮತ್ತು ಬಂದೂಕು ಹಿಡಿದ ಮಂಜುನಾಥ.

ನಾನು ಗಾಡಿ ನಿಲ್ಲಿಸುವ ಮೊದಲೇ ಢಂ ಎಂದಿತು.

ಓಡಿದೆ. ಪಕ್ಕದ ಮನೆಯ ಮೆಟ್ಟಿಲು ಹತ್ತುವಾಗ ಒಬ್ಬ ಹೆಂಗಸು ನನ್ನ ಯೂನಿಫಾರ್ಮ್ ನೋಡಿ ಕೈ ಹಿಡಿದುಕೊಂಡಳು. ಲೋಕೇಶನ ಅಕ್ಕ, ಸರೋಜಮ್ಮ. "ಸಾರ್, ನೀವಾದ್ರೂ ಕೇಳಿ. ಅವ್ನಿಗೆ ಕರೆಂಟ್ ಅಂದ್ರೆ ಭಯ. ಮಾತ್ರೆ ಬಿಟ್ಟಾಗೆಲ್ಲ ವೈರ್‌ನಿಂದ ತಲೆಗೆ ಕರೆಂಟ್ ಬಿಡ್ತಾವ್ರೆ ಅಂತಾನೆ. ಅದಕ್ಕೇ ಸಾರ್ ಬೀದಿ ಕೇಬಲ್ ಎಲ್ಲಾ ಕಡಿದಿದ್ದು. ಯಾರ ಮೈಯೂ ಮುಟ್ಟಿಲ್ಲ ಸಾರ್. ನಿಮ್ ಸಾಹೇಬ್ರಿಗೆ ಹೇಳ್ದೆ. 'ಹಂಗಾದ್ರೆ ಇದು ಅವ್ನಿಗೆ ಸರಿಯಾದ ಔಷಧಿ' ಅಂತ ನಕ್ಕೊಂಡು ಹೋದ್ರು."

ಆ ಮಾತು ಕೇಳಿದಾಗ ಎದೆಯಲ್ಲಿ ಎದ್ದ ಉರಿ ಇವತ್ತಿಗೂ ಆರಿಲ್ಲ. ವಿದ್ಯುತ್ತಿಗೆ ಹೆದರಿ ತಾರಸಿ ಏರಿದವನಿಗೆ, ನೀರಿನಲ್ಲಿ ನಿಂತವನಿಗೆ, ಎರಡು ಅಂತಸ್ತಿನ ಅಂಚಿನಲ್ಲಿ ಇರುವವನಿಗೆ ಈ ತೋಟಾ! ಕೈಪಿಡಿಯ ಎಂಟು ಪುಟಗಳಲ್ಲಿ ಬೇಡ ಎಂದದ್ದೆಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕಿದಂತಿತ್ತು. ಅಡಿಯಲ್ಲಿ ಇನ್ನೂ ನಾಲ್ಕು ತೋಟಾ ಕಾದಿವೆ ಎನ್ನುವುದು ಅದರ ಮೇಲೆ.

ತಾರಸಿ ಮುಟ್ಟಿದಾಗ ಮೊದಲ ಏಟು ತಪ್ಪಿ, ಲೋಕೇಶನ ಪಕ್ಕ ಹಗ್ಗದ ಮೇಲೆ ಒಣಗಲು ಹಾಕಿದ್ದ ಹೊದಿಕೆಗೆ ಕಚ್ಚಿಕೊಂಡು ನೇತಾಡುತ್ತಿತ್ತು. ಲೋಕೇಶ ಅದನ್ನು ನೋಡಿದ. "ಬಿಟ್ರು! ಕರೆಂಟ್ ಬಿಟ್ರು!" ಎಂದು ಕಿರುಚಿ ಮೊಳಕಾಲೆತ್ತರದ ಪ್ಯಾರಪೆಟ್ ಗೋಡೆಯ ಮೇಲೇರಿ ನಿಂತ.

"ಇನ್ನೊಂದು ಹೊಡಿಯೋ! ಏನ್ ನೋಡ್ತಿದೀಯ, ಇದು ಸೇಫು ಕಣೋ!" ಎಂದರು ಇನ್‌ಸ್ಪೆಕ್ಟರ್.

ಮಂಜುನಾಥನ ಎಡಗೈ ಪಂಪಿನ ಮೇಲೆ ಬಂತು.

"ಮಂಜೂ! ಎಳೀಬೇಡ! ಒಳಗಡೆ ನಿಜವಾದ್ದಿದೆ!"

ನನ್ನ ದನಿಗೆ ಅವನ ಕೈ ಅಲ್ಲೇ ಮರಗಟ್ಟಿತು. ಹತ್ತಿರ ಹೋಗಿ ಬಂದೂಕು ಇಸಿದುಕೊಂಡೆ, ನಳಿಗೆಯನ್ನು ಆಕಾಶಕ್ಕೆ ಮಾಡಿ ಪಂಪನ್ನು ಮೆಲ್ಲಗೆ ಹಿಂದಕ್ಕೆಳೆದೆ. ಖಾಲಿ ಕೋಶ ಬಿತ್ತು. ಕೆಳಗಿನಿಂದ ನಿಜವಾದ ತೋಟಾ, ಕೆಂಪು ಬಣ್ಣದ್ದು, ಮೇಲೆದ್ದು ಬಂತು. ಅದನ್ನು ಬೆರಳಲ್ಲಿ ತೆಗೆದು ಇನ್‌ಸ್ಪೆಕ್ಟರ್ ಅಂಗೈಯಲ್ಲಿಟ್ಟೆ. ಆಮೇಲೆ ಇನ್ನೊಂದು. ಮತ್ತೊಂದು. ಮತ್ತೂ ಒಂದು.

"ಸೇಫು," ಎಂದೆ. ಮೇಲಧಿಕಾರಿಗೆ ನಾನು ಜೀವನದಲ್ಲಿ ಆಡಿದ ಒಂದೇ ಒಂದು ಉದ್ಧಟತನದ ಮಾತು ಅದು.

ಮಂಜುನಾಥ ಜೇಬಿನಿಂದ ಉಳಿದ ವಿದ್ಯುತ್ ತೋಟಾ ತೆಗೆದು ತೋರಿಸಿದ. "ಎರಡನೇದು ಒಳಗೆ ಹೋಗ್ಲೇ ಇಲ್ಲ ಸಾರ್. ಸ್ಪ್ರಿಂಗ್ ಬಿಗಿ ಇದೆ ಅನ್ಕೊಂಡೆ," ಎಂದ. ಸ್ಪ್ರಿಂಗ್ ಅಲ್ಲ, ಕೊಳವೆ ಭರ್ತಿಯಾಗಿತ್ತು.

ಇಷ್ಟಾದರೂ ಲೋಕೇಶ ಇನ್ನೂ ಗೋಡೆಯ ಮೇಲೆಯೇ ಇದ್ದ. ಒಂದು ಹೆಜ್ಜೆ ಹಿಂದಿಟ್ಟರೆ ಮುಗಿಯಿತು. ನನಗೆ ತೋಚಿದ್ದು ತಾತನ ಕೆಂಪು ವಸ್ತ್ರ. ಕೆಳಗಿಳಿದು ಸರೋಜಮ್ಮನನ್ನು ಕೇಳಿದೆ, "ನಿಮ್ಮನೆ ಮೀಟರ್ ಬೋರ್ಡ್ ಎಲ್ಲಮ್ಮಾ?" ಬಾಗಿಲ ಪಕ್ಕದಲ್ಲೇ ಇತ್ತು. ಮೇನ್ ಸ್ವಿಚ್ ಇಳಿಸಿ, ಬಿಳಿ ಪಿಂಗಾಣಿಯ ಫ್ಯೂಜನ್ನು ಕಿತ್ತುಕೊಂಡು ಅಕ್ಕನ ಕೈಗೆ ಕೊಟ್ಟೆ. ಇಬ್ಬರೂ ಅವರ ತಾರಸಿಯ ಬಾಗಿಲಿಗೆ ಹೋದೆವು. ನಾನು ಟೋಪಿ, ಬೆಲ್ಟು ತೆಗೆದಿಟ್ಟಿದ್ದೆ.

"ಲೋಕಿ, ನೋಡೋ ಇಲ್ಲಿ," ಅಂದಳು ಸರೋಜಮ್ಮ. "ಫ್ಯೂಜ್ ಕಿತ್ತಾಕಿದೀವಿ ಕಣೋ. ಮನೇಲಿ ಕರೆಂಟೇ ಇಲ್ಲ."

"ಸುಳ್ಳು. ಮತ್ತೆ ಹಾಕ್ತೀರ."

"ಹಾಕೋಕೆ ನಮ್ಮ ಹತ್ರ ಇರಲ್ಲ, ನಿನ್ನ ಹತ್ರ ಇರತ್ತೆ," ಎಂದೆ ನಾನು. "ಬಾ, ನೀನೇ ಇಟ್ಕೋ. ನೀನು ಕೊಡೋವರ್ಗೂ ಈ ಮನೇಲಿ ದೀಪ ಹತ್ತಲ್ಲ. ಯಾರೂ ಕೇಳಲ್ಲ."

"ನೀನ್ಯಾರು?"

"ರಿಪೇರಿಯೋನು."

ಅವನು ಫ್ಯೂಜನ್ನೇ ನೋಡುತ್ತಾ ನಿಂತ. ಪಕ್ಕದ ತಾರಸಿಯ ಕಡೆ ಮಚ್ಚು ತೋರಿಸಿದ. "ಅವ್ರು?"

"ಅವ್ರ ತೋಟಾ ಎಲ್ಲಾ ಈಚೆ ತೆಗ್ದಿದೀನಿ. ನೀನೇ ನೋಡ್ದಲ್ಲ."

ನೋಡಿದ್ದ. ಗಡಿಯಾರದ ಪ್ರಕಾರ ಇಪ್ಪತ್ತು ನಿಮಿಷ ಹಿಡಿಯಿತು. ಮಧ್ಯೆ ಸರೋಜಮ್ಮ ಅವನನ್ನು ಬೈದಳು, ಅತ್ತಳು, "ಹಬ್ಬಕ್ಕೆ ಅಂತ ಒಬ್ಬಟ್ಟು ಮಾಡಿದೀನಿ, ನೀನು ಇಲ್ಲಿ ಕುಣೀತಾ ಇದೀಯ, ತಣ್ಣಗಾಗ್ಲಿ ಬಿಡು, ನನಗೇನು," ಎಂದು ಗದರಿಸಿದಳು. ಕೊನೆಗೆ ಅವನು ಗೋಡೆಯಿಂದ ಒಳಮಗ್ಗುಲಿಗೆ ಇಳಿದ. ಮಚ್ಚು ಕೆಳಗಿಟ್ಟದ್ದು ಫ್ಯೂಜ್ ಹಿಡಿಯಲು ಎರಡೂ ಕೈ ಬೇಕಾಗಿದ್ದರಿಂದ. ಅದನ್ನು ಹಕ್ಕಿಮರಿಯನ್ನು ಹಿಡಿದಂತೆ ಹಿಡಿದುಕೊಂಡು ಅಕ್ಕನ ಜೊತೆ ಆಸ್ಪತ್ರೆಯ ಗಾಡಿ ಹತ್ತಿದ.

ಇದಿಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ನಾಲ್ಕು ದಿನದ ಮೇಲೆ ವರದಿಯ ಪ್ರತಿ ನನ್ನ ಮೇಜಿಗೆ ಬಂತು: 'ಸ್ಥಳದಲ್ಲಿ ಪ್ರಾಯೋಗಿಕ ತೋಟಾ ಒಂದು ಸುತ್ತು ಹಾರಿಸಲಾಯಿತು. ವ್ಯಕ್ತಿಯನ್ನು ಸುರಕ್ಷಿತವಾಗಿ ವಶಕ್ಕೆ ಪಡೆಯಲಾಯಿತು. ಯಾರಿಗೂ ಗಾಯಗಳಾಗಿಲ್ಲ. ಪ್ರಯೋಗ ತೃಪ್ತಿಕರ.' ಓದಿ ನೋಡಿ, ಮೊದಲ ಮೂರು ವಾಕ್ಯಗಳಲ್ಲಿ ಒಂದಾದರೂ ಸುಳ್ಳು ಹುಡುಕಿ. ಸಿಗುವುದಿಲ್ಲ. ಮೂರು ನಿಜಗಳನ್ನು ಮೆಟ್ಟಿಲು ಮಾಡಿಕೊಂಡು ಒಂದು ಮಹಾಸುಳ್ಳಿನ ಅಟ್ಟ ಹತ್ತಿದ್ದರು. ಕೆಂಪು ತೋಟಾಗಳ ಸುದ್ದಿ ಬೇರೆ ಕಾಗದದಲ್ಲಿತ್ತು. ಅದು ಮಂಜುನಾಥನಿಗೆ ಕೊಟ್ಟ ನೋಟಿಸು: ಗುರುತಿನ ಟೇಪನ್ನು ತೆಗೆದು ನಿರ್ಲಕ್ಷ್ಯ ತೋರಿದ್ದೇಕೆ?

ತೆಗಿ ಎಂದವರ ಹೆಸರು ಎಲ್ಲೂ ಇರಲಿಲ್ಲ. ಹುಕುಂ ಬಾಯಲ್ಲಿ ಬರುತ್ತದೆ, ತಪ್ಪು ಮಾತ್ರ ಕಾಗದದಲ್ಲಿ ಇಳಿಯುತ್ತದೆ. ನಮ್ಮ ಇಲಾಖೆಯ ಹಳೆಯ ಚಾಳಿ ಇದು. ಅದೇ ವಾರ ಪ್ರತಿನಿಧಿಯೂ ಪ್ರತ್ಯಕ್ಷನಾದ. "ಸಾರ್, ಫೀಲ್ಡ್ ಸಕ್ಸೆಸ್ ಅಂತೆ. ಬಂದೂಕಿನ ಜೊತೆ ನಿಮ್ದೊಂದು ಫೋಟೋ?" ಎಂದ. ಅವನನ್ನು ಕೂರಿಸಿ, ಕಾಫಿ ತರಿಸಿ, ಹೊದಿಕೆಯಿಂದ ಬಿಡಿಸಿ ತಂದಿದ್ದ ತೋಟಾವನ್ನು ಮುಂದಿಟ್ಟೆ. "ಇದು ಸೇಫ್ ಅಂತ ಇನ್ನೊಂದ್ಸಲ ಹೇಳಿ ಸ್ವಾಮಿ, ಆ ಅಕ್ಕನ ಮನೆಗೆ ಕರ್ಕೊಂಡ್ ಹೋಗ್ತೀನಿ, ಅಲ್ಲೇ ಫೋಟೋ ತೆಗ್ಸೋಣ," ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು ಹೋದ. ಆ ತೋಟಾ ಮಾತ್ರ ಯಾರಿಗೂ ಬೇಡದ ವಸ್ತು ಎಂದು ನಾನು ಹೇಳುವುದಿಲ್ಲ. ಬಯಲಿನಲ್ಲಿ, ಒಣ ನೆಲದ ಮೇಲೆ, ಇನ್ನೊಬ್ಬರ ಕುತ್ತಿಗೆಗೆ ಕತ್ತಿ ಇಟ್ಟು ನಿಂತವನ ಎದುರು ಅದು ಒಂದು ಜೀವ ಉಳಿಸಲೂಬಹುದು. 'ಸೇಫ್' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಾವು ಯೋಚಿಸುವುದನ್ನು ಬಿಡುತ್ತೇವಲ್ಲ, ನನ್ನ ಜಗಳ ಅದರೊಂದಿಗೆ. ಕೈಯಲ್ಲಿ ನಿಜವಾದ ತೋಟಾ ಇದೆ ಎಂದು ಗೊತ್ತಿದ್ದರೆ ಇನ್‌ಸ್ಪೆಕ್ಟರ್ ಹತ್ತು ಸಲ ಯೋಚಿಸುತ್ತಿದ್ದರು. ಸರೋಜಮ್ಮನ ಮಾತಿಗೆ ನಗುತ್ತಿರಲಿಲ್ಲ.

ಮಂಜುನಾಥನ ನೋಟಿಸಿಗೆ ಜೊತೆಯಾಗಿ ನನ್ನದೊಂದು ಹೇಳಿಕೆ ಬರೆದೆ. ಟೇಪು ತೆಗೆಸಿದವರು ಯಾರು, ಬಂದೂಕು ಖಾಲಿ ಮಾಡದೆ ಗೂಡಿಗಿಟ್ಟದ್ದು ಹೇಗೆ, ಟೇಪು ಇಲ್ಲವೆಂದು ಕಂಡೂ ನಾಳೆ ಎಂದುಕೊಂಡವನು ಯಾರು ಎಂದು ಎಲ್ಲ ಬರೆದು ಕೆಳಗೆ ಸಹಿ ಹಾಕಿದೆ. ಇನ್‌ಸ್ಪೆಕ್ಟರ್ ಕರೆಸಿದರು. "ರಿಟೈರ್ ಆಗೋ ಟೈಮಲ್ಲಿ ಯಾಕ್ರೀ ಇದೆಲ್ಲ? ವಾಪಸ್ ತಗೊಳಿ."

"ಕಟ್ಟಿದ್ದು ನಾನು ಸಾರ್. ಬಿಚ್ಚಿದ್ದು ಯಾರು ಅಂತ ನಾನೇ ಬರೀಬೇಕು," ಎಂದೆ.

ಇನ್‌ಸ್ಪೆಕ್ಟರಿಗೆ ವರ್ಗವಾಯಿತು, ಕಾರಣ 'ಆಡಳಿತಾತ್ಮಕ'. ಮಂಜುನಾಥನಿಗೂ ನನಗೂ ಒಂದೊಂದು ವಾಗ್ದಂಡನೆ. ಕಾವಲಿನವನಿಗೂ ಒಂದು. ನನ್ನ ಸೇವಾ ಪುಸ್ತಕದಲ್ಲಿ ಅದೊಂದೇ ಕಪ್ಪುಗೆರೆ, ಅದರ ಬಗ್ಗೆ ನನಗೆ ನಾಚಿಕೆ ಇಲ್ಲ, ಅರ್ಧ ನ್ಯಾಯವಾದದ್ದೇ. ಉಳಿದ ತೋಟಾಗಳನ್ನು ಸೀಲು ಮಾಡಿ ವಾಪಸು ಕಳಿಸಿದರು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಆಯುಧದ ಗುಣ ಅದರ ಹೆಸರಿನಲ್ಲಿರುವುದಿಲ್ಲ, ಅದನ್ನು ಎತ್ತಿಕೊಡುವ, ಎತ್ತಿಡುವ ಕೈಗಳ ಶ್ರದ್ಧೆಯಲ್ಲಿರುತ್ತದೆ. ಕುಂಕುಮ ಹಚ್ಚಿದ್ದನ್ನೇ ಶ್ರದ್ಧೆ ಎಂದುಕೊಂಡು ಅಂದು ನಾವೆಲ್ಲ ಮೋಸಹೋದೆವು.

ನಿವೃತ್ತನಾದ ಮೇಲೆ ಒಂದು ದಿನ ಸುಂಕದಕಟ್ಟೆಯ ಬಸ್ ನಿಲ್ದಾಣದಲ್ಲಿ ಸರೋಜಮ್ಮ ಸಿಕ್ಕಿದಳು. ಬಟ್ಟೆ ಹೊಲಿಯುವವಳು, ಕಂಕುಳಲ್ಲಿ ಗಂಟು. ತಮ್ಮ ಹೇಗಿದ್ದಾನೆ ಎಂದು ಕೇಳಿದೆ.

"ಮಾತ್ರೆ ತಗೋತಾ ಅವ್ನೆ ಸಾರ್. ಆಸ್ಪತ್ರೆಯಿಂದ ಬಂದ್ಮೇಲೂ ಫ್ಯೂಜ್ ಜೇಬಲ್ಲೇ ಇಟ್ಕೊಂಡಿದ್ದ. ನೀವು ಹೇಳಿದ್ರಲ್ಲ ಕೇಳಬಾರ್ದು ಅಂತ, ನಾನೂ ಕೇಳ್ಲಿಲ್ಲ. ಕಾಲಲ್ಲಿ ತುಳಿಯೋ ಮಿಷನ್ ಅಲ್ವಾ, ಹಗಲೊತ್ತು ಹೊಲ್ಕೊಂಡೆ."

ಅವನು ಆಸ್ಪತ್ರೆಯಿಂದ ಬಂದ ಹನ್ನೊಂದನೆಯ ದಿನ ಸಂಜೆ ಅವಳು ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ ಬಾಗಿಲಿಗೆ ಬಂದಳಂತೆ. ಲೋಕೇಶ ಸ್ಟೂಲು ಹಾಕಿಕೊಂಡು ಮೀಟರ್ ಬೋರ್ಡಿನ ಮುಂದೆ ನಿಂತಿದ್ದ. ಜೇಬಿನಿಂದ ಫ್ಯೂಜ್ ತೆಗೆದು ತಾನೇ ಹಾಕಿ, ಮೇನ್ ಸ್ವಿಚ್ ಎತ್ತಿದ. ದೀಪ ಹತ್ತಿತು.